ತೀರ್ಪುಗಾರರ ಮೇಜಿನಿಂದ ನಾಲ್ಕು ಮಾತು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಅಂತರಶಾಲಾ ಕನ್ನಡ ಭಾಷಣ ಸ್ಪರ್ಧೆಯ ಬಹುಮಾನ ವಿತರಣಾ ಸಮಾರಂಭದಲ್ಲಿ ತೀರ್ಪುಗಾರರ ಪರವಾಗಿ ಆಡಿದ ಮಾತುಗಳ ಬರಹ ರೂಪ)



ಫಲಿತಾಂಶ ಓದುವ ಮೊದಲು ತೀರ್ಪುಗಾರರ ಪರವಾಗಿ ನಾಲ್ಕು ಮಾತು ಹೇಳಿ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ನಾನು ಈ ಶಾಲೆಯಲ್ಲಿ ಓದಿದವಳಲ್ಲ, ಇಲ್ಲಿ ಪಾಠ ಮಾಡಿದವಳೂ ಅಲ್ಲ. ಈ ಊರಿನ ಸೊಸೆ. ಬೇರೆ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ 28 ವರ್ಷ ಕನ್ನಡ ಕಲಿಸಿ ನಿವೃತ್ತಳಾಗಿ ಬಂದು ಇಲ್ಲಿ ನೆಲೆಸಿದ್ದೇನೆ. ಸೊಸೆಗೆ ಮೈಕು ಕೊಟ್ಟು, ಊರಿನವರೆಲ್ಲ ಸುಮ್ಮನೆ ಕೂತು ಕೇಳುವ ಇಂಥ ಸಂದರ್ಭ ಐವತ್ತು ವರ್ಷಕ್ಕೊಮ್ಮೆ ಬರುವುದು. ಅದನ್ನು ನಾನು ಬಿಡುವವಳಲ್ಲ.

ಫಲಿತಾಂಶ ಇನ್ನೂ ಓದಿಲ್ಲ. ಆದರೂ ಊಟದ ಪಂಕ್ತಿಯಲ್ಲೇ ಒಬ್ಬರು ಬಂದು, "ಅತ್ತಿಗೆ, ನಮ್ಮ ಶಾಲೆ ಹುಡುಗಿಗೆ ಎರಡನೇದಂತೆ, ಹೌದಾ?" ಎಂದು ಕೇಳಿದರು. ಸುದ್ದಿ ಹೇಗೆ ಸೋರಿತೋ ಗೊತ್ತಿಲ್ಲ. ಹೌದು, ಎರಡನೆಯದು. ಐವತ್ತನೇ ವರ್ಷದ ಸಂಭ್ರಮದಲ್ಲಿ, ನಮ್ಮದೇ ಅಂಗಳದಲ್ಲಿ, ನಮ್ಮ ಶಾಲೆಯ ಮಗುವಿಗೆ ಎರಡನೇ ಬಹುಮಾನ ಕೊಟ್ಟು, ಮೊದಲನೆಯದನ್ನು ಹೊರಗಿನ ಶಾಲೆಯ ಮಗುವಿಗೆ ಕೊಟ್ಟಿದ್ದೇವೆ. ಯಾಕೆ ಎಂದು ನೀವು ಕೇಳುವುದು ನ್ಯಾಯ. ಹೇಳುವುದು ನಮ್ಮ ಕರ್ತವ್ಯ. ಅದಕ್ಕಾಗಿಯೇ ಈ ಮಾತು.

ಮೊದಲು ನಾವು ಕೆಲಸ ಮಾಡಿದ ರೀತಿ ಹೇಳುತ್ತೇನೆ. 9 ಶಾಲೆಗಳಿಂದ 17 ಮಕ್ಕಳು ಬಂದಿದ್ದರು. ಒಬ್ಬೊಬ್ಬರಿಗೂ 5 ನಿಮಿಷ. 4 ನಿಮಿಷಕ್ಕೆ ಒಂದು ಗಂಟೆ, 5 ನಿಮಿಷಕ್ಕೆ ಎರಡನೇ ಗಂಟೆ. ನಾವು ಮೂವರೂ ಬೇರೆ ಬೇರೆ ಮೇಜಿನಲ್ಲಿ ಕೂತಿದ್ದೆವು. ಒಬ್ಬರು ಪದವಿಪೂರ್ವ ಕಾಲೇಜಿನ ಉಪನ್ಯಾಸಕರು, ಇನ್ನೊಬ್ಬರು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ತಾಳಮದ್ದಳೆಯ ಅರ್ಥಧಾರಿಗಳು. ಒಬ್ಬೊಬ್ಬರ ಕೈಯಲ್ಲೂ 50 ಅಂಕ: ವಿಷಯಕ್ಕೆ 20, ಭಾಷೆ ಮತ್ತು ಉಚ್ಚಾರಕ್ಕೆ 10, ಧ್ವನಿ ಮತ್ತು ಹಾವಭಾವಕ್ಕೆ 10, ಸಮಯಪಾಲನೆಗೆ 10. ಯಾರೂ ಯಾರ ಹಾಳೆಯನ್ನೂ ಇಣುಕಲಿಲ್ಲ. ಎಲ್ಲ ಮುಗಿದ ಮೇಲೆ ಮೂರು ಹಾಳೆ ಕೂಡಿಸಿದೆವು.

ಇಂಥ ಸ್ಪರ್ಧೆಗಳಲ್ಲಿ ಮೊದಲು ಮಾತಾಡುವ ಮಗುವಿಗೆ ಒಂದು ಅನ್ಯಾಯ ಆಗುವ ಭಯ ಯಾವಾಗಲೂ ಇರುತ್ತದೆ. ಮುಂದೆ ಇನ್ನೂ ಚೆನ್ನಾಗಿ ಮಾತಾಡುವವರು ಬರಬಹುದು ಎಂದು ತೀರ್ಪುಗಾರರ ಕೈ ಬಿಗಿಯಾಗಿರುತ್ತದೆ. ಹನ್ನೆರಡನೆಯ ಮಗುವಿನ ಹೊತ್ತಿಗೆ ಕಿವಿ ದಣಿದಿರುತ್ತದೆ. ಚಹಾ ಕುಡಿದು ಬಂದ ಮೇಲೆ ಮಾತಾಡಿದ ಮಗು ಪುಣ್ಯವಂತ. ಅದಕ್ಕೇ ಮೊದಲ ಮೂರು ಮಕ್ಕಳ ಅಂಕವನ್ನು ಪೆನ್ಸಿಲಿನಲ್ಲಿ ಬರೆದು, ಐದಾರು ಮಕ್ಕಳ ಮಾತು ಕೇಳಿ ಅಳತೆ ಸಿಕ್ಕಿದ ಮೇಲೆ ತಿದ್ದಿ ಪೆನ್ನಿನಲ್ಲಿ ಬರೆಯುವುದು ನಾನು ಬಹಳ ವರ್ಷಗಳಿಂದ ಇಟ್ಟುಕೊಂಡ ಕ್ರಮ. ಇಲ್ಲಿರುವ ಕಿರಿಯ ಅಧ್ಯಾಪಕರು ನಾಳೆ ಪ್ರತಿಭಾ ಕಾರಂಜಿಯಲ್ಲಿ ತೀರ್ಪು ಕೊಡಲು ಕೂರುವವರು. ಅವರಿಗೆ ಉಪಯೋಗವಾದೀತೆಂದು ಹೇಳಿದೆ.

ಈಗ ಮಕ್ಕಳ ಮಾತಿಗೆ ಬರೋಣ. ವಿಷಯವನ್ನು ಒಂದು ವಾರ ಮೊದಲೇ ಕೊಟ್ಟಿದ್ದರು: "ನಮ್ಮ ಆರೋಗ್ಯ, ನಮ್ಮ ಹೊಣೆ". 17 ಮಕ್ಕಳಲ್ಲಿ 11 ಮಕ್ಕಳು "ಆರೋಗ್ಯವೇ ಭಾಗ್ಯ" ಎಂದು ಶುರು ಮಾಡಿದರು. ಇಬ್ಬರು, ಬೇರೆ ಬೇರೆ ಶಾಲೆಯವರು, ಎರಡು ಪುಟದಷ್ಟು ಒಂದೇ ಭಾಷಣ ಒಪ್ಪಿಸಿದರು. ಎರಡನೆಯವನು ಪಾಪ, ಮೊದಲನೆಯವನು ಮಾತಾಡುತ್ತಿದ್ದಾಗಲೇ ಬೆವರಿಹೋಗಿದ್ದ. ಎಲ್ಲರಿಗಿಂತ ಮೊದಲು ಬಂದ ಹುಡುಗ, "ನನಗಿಂತ ಮುಂಚೆ ಮಾತನಾಡಿದ ನನ್ನ ಸ್ನೇಹಿತರು ಹೇಳಿದಂತೆ" ಎಂದ. ನೀವೆಲ್ಲ ನಕ್ಕಿರಿ. ಅವನೂ ನಕ್ಕ. ನಕ್ಕಮೇಲೆ ಅವನ ಮಾತು ಸ್ವಲ್ಪ ಸರಾಗವಾಯಿತು, ನೀವು ಗಮನಿಸಿರಬಹುದು.

ಇದರಲ್ಲಿ ಮಕ್ಕಳ ತಪ್ಪಿಲ್ಲ. ಅಧ್ಯಾಪಕರನ್ನು ದೂರುವುದಕ್ಕೂ ನಾನು ನಿಂತಿಲ್ಲ. ಒಬ್ಬರೇ ಕನ್ನಡ ಮೇಷ್ಟ್ರು ಮೂರು ತರಗತಿಯ ಪಾಠ, ಪರೀಕ್ಷೆ, ದಾಖಲೆ ಪುಸ್ತಕ ಎಲ್ಲ ನೋಡಿಕೊಂಡು, ಸ್ಪರ್ಧೆಗೆ ಎರಡು ದಿನ ಇರುವಾಗ ರಾತ್ರಿ ಕೂತು ಭಾಷಣ ಬರೆದುಕೊಡುತ್ತಾರೆ. ಮಗು ಅದನ್ನು ಬಾಯಿಪಾಠ ಮಾಡುತ್ತದೆ. ಬಾಯಿಪಾಠ ಕೆಟ್ಟದ್ದೆಂದು ಕನ್ನಡ ಮೇಡಂ ಆಗಿ ನಾನು ಯಾವತ್ತೂ ಹೇಳುವುದಿಲ್ಲ. ಪದ್ಯ ಬಾಯಿಗೆ ಬರಬೇಕು, ಮಗ್ಗಿ ಬಾಯಿಗೆ ಬರಬೇಕು. ಆದರೆ ಅದಕ್ಕೆ ಕಂಠಪಾಠ ಸ್ಪರ್ಧೆ ಅಂತಲೇ ಬೇರೆ ಇದೆ. ಭಾಷಣ ಎಂದರೆ ಎದುರಿಗೆ ಕೂತವರಿಗೆ ಏನೋ ಒಂದನ್ನು ಹೇಳುವುದು.

ಇದು ನಮ್ಮೂರಿನವರಿಗೆ ನಾನು ಹೇಳಿಕೊಡಬೇಕಾದ ವಿಷಯವೇ ಅಲ್ಲ. ಮಳೆಗಾಲದ ರಾತ್ರಿ ತಾಳಮದ್ದಳೆ ಕೇಳಿ ಬೆಳೆದ ಊರು ಇದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪ್ರಸಂಗದ ಪದ್ಯ ಎಲ್ಲರಿಗೂ ಗೊತ್ತಿರುತ್ತದೆ. ಭಾಗವತರು ಪದ್ಯ ಹಾಡಿ ನಿಲ್ಲಿಸಿದ ಮೇಲೆ ಅರ್ಥ ಹೇಳಬೇಕಾದವರು ಆಗ, ಅಲ್ಲೇ ಮಾತು ಕಟ್ಟಬೇಕು. ಎದುರಿನ ಪಾತ್ರಧಾರಿ ಒಂದು ಪ್ರಶ್ನೆ ಎಸೆದರೆ ಅದಕ್ಕೆ ಉತ್ತರ ಕೊಡಲೇಬೇಕು. ಮನೆಯಲ್ಲಿ ಉರು ಹೊಡೆದುಕೊಂಡು ಬಂದವರು ಮೂರನೇ ಪದ್ಯಕ್ಕೆ ಸಿಕ್ಕಿಬೀಳುತ್ತಾರೆ. ಮಾರನೇ ದಿನ ಜಗಲಿಯ ಮೇಲೆ ಅಡಿಕೆ ಸುಲಿಯುತ್ತಾ, "ರಾತ್ರಿ ಕರ್ಣ ಚೆನ್ನಾಗಿತ್ತು, ಕೃಷ್ಣ ಓದಿಕೊಂಡು ಬಂದಿದ್ದ" ಎಂದು ಹೇಳುವ ಹೆಂಗಸರು ಈ ಸಭೆಯಲ್ಲೇ ಇದ್ದಾರೆ. ಅವರಿಗಿಂತ ದೊಡ್ಡ ತೀರ್ಪುಗಾರರು ನಾವಲ್ಲ.

ಈಗ ಎರಡನೇ ಬಹುಮಾನ ಪಡೆದ, ಈ ಶಾಲೆಯ ಹತ್ತನೇ ತರಗತಿಯ ಹುಡುಗಿಯ ವಿಷಯ. ಮಗೂ, ನೀನು ಇಲ್ಲೇ ಎಲ್ಲೋ ಕೂತಿದ್ದೀಯ, ಕೇಳು. ಧ್ವನಿಯ ಕಾಲಂನಲ್ಲಿ 17 ಮಕ್ಕಳಲ್ಲಿ ಅತಿ ಹೆಚ್ಚು ಅಂಕ ನಿನಗೆ. ಮೂವರೂ ಹಾಗೇ ಕೊಟ್ಟಿದ್ದೇವೆ. ಮೈಕು ಕೈಕೊಟ್ಟಾಗಲೂ ನಿನ್ನ ಮಾತು ಹಿಂದೆ ಅಡುಗೆ ಮಾಡುತ್ತಿದ್ದವರಿಗೆ ಕೇಳಿಸುತ್ತಿತ್ತು. ಶ, ಷ, ಸ ಮೂರೂ ಬೇರೆ ಬೇರೆಯಾಗಿ ಬಂದವು. ಎರಡನೇ ಗಂಟೆಗೆ ಸರಿಯಾಗಿ ಮುಗಿಸಿದೆ. ಆದರೆ ವಿಷಯದ ಕಾಲಂನಲ್ಲಿ ನಾವು ಮೂವರೂ, ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ, ಒಂದೇ ಕಡೆ ತಡೆದೆವು. ನೀನು ಹೇಳಿದ್ದೆಲ್ಲ ಸರಿ. ಸಮತೋಲನ ಆಹಾರ, ವ್ಯಾಯಾಮ, ಸ್ವಚ್ಛತೆ, ಶುದ್ಧ ನೀರು, ಎಲ್ಲ ಸರಿ. ಅದನ್ನೇ ಬೀದರಿನಲ್ಲಿ ನಿಂತು ಹೇಳಿದ್ದರೂ ಒಂದಕ್ಷರ ಬದಲಿಸಬೇಕಾಗಿರಲಿಲ್ಲ. ನಿನ್ನ ಮನೆ, ನಿನ್ನ ಕೇರಿ, ನೀನು ಕುಡಿಯುವ ನೀರು, ನೀನು ಕಂಡ ಜ್ವರ ಯಾವುದೂ ಅದರಲ್ಲಿ ಇರಲಿಲ್ಲ. ಅಂಥ ಧ್ವನಿ ಇರುವ ನೀನು ನಿನ್ನದೇ ಒಂದು ಮಾತು ಹೇಳಿದ್ದರೆ ಇವತ್ತು ನಮ್ಮ ಕೆಲಸ ಬಹಳ ಸುಲಭವಾಗುತ್ತಿತ್ತು.

ಮೊದಲ ಬಹುಮಾನ ಪಡೆದ ಮಗು ಕಾಡಂಚಿನ ಹಳ್ಳಿಯಿಂದ ಬಂದ ಒಂಬತ್ತನೇ ತರಗತಿಯ ಹುಡುಗ. ಅವನ ಧ್ವನಿ ಮೂರನೇ ಸಾಲು ದಾಟಲಿಲ್ಲ. ಕೈ ಎಲ್ಲಿಡಬೇಕೆಂದು ಗೊತ್ತಾಗದೆ ಅಂಗಿಯ ತುದಿ ಹಿಡಿದುಕೊಂಡಿದ್ದ. ಮೂರೂವರೆ ನಿಮಿಷಕ್ಕೇ ಮುಗಿಸಿದ. ಸಮಯದಲ್ಲೂ ಅಂಕ ಕಳೆದುಕೊಂಡ. ಅವನು ಹೇಳಿದ್ದು ಮಂಗನ ಕಾಯಿಲೆಯ ವಿಷಯ.

ಈ ಕಾಯಿಲೆ ನಮ್ಮ ಜಿಲ್ಲೆಯದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದರಿಂದ ಜಗತ್ತಿನ ವೈದ್ಯರೆಲ್ಲ ಇದನ್ನು ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಕರೆಯುತ್ತಾರೆ. 2018ರ ಕೊನೆಗೆ ಮತ್ತು 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಆದ ಸಾವುಗಳನ್ನು ಮಲೆನಾಡು ಮರೆತಿಲ್ಲ. ಉಣುಗು ಕಚ್ಚುವುದರಿಂದ ಬರುವ ಕಾಯಿಲೆ. ಬೇಸಿಗೆಯಲ್ಲಿ ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವವರಿಗೆ ಅಪಾಯ ಹೆಚ್ಚು. ಇಷ್ಟು ನಮಗೆಲ್ಲ ಗೊತ್ತು. ಗೋಡೆಯ ಮೇಲಿನ ಚಿತ್ರಗಳಲ್ಲೂ ಇದೆ. ಆ ಹುಡುಗ ಅಷ್ಟಕ್ಕೇ ನಿಲ್ಲಲಿಲ್ಲ. ಅವನ ಮಾತು ನನ್ನ ಹಾಳೆಯ ಅಂಚಿನಲ್ಲಿ ಬರೆದುಕೊಂಡಿದ್ದೇನೆ: "ಆಸ್ಪತ್ರೆಯವರು ಕೊಟ್ಟ ಎಣ್ಣೆ ನಮ್ಮ ಕೇರಿಯ ಎಲ್ಲ ಮನೆಯಲ್ಲೂ ಅದೆ. ಸೂರಿನ ಸಂದಿಯಲ್ಲಿ ಅದೆ. ಹಚ್ಕೊಂಡು ಕಾಡಿಗೆ ಹೋಗೋದು ಎರಡೇ ಮನೆಯವರು. ನಮ್ಮಮ್ಮನೂ ಹಚ್ಕಣದಿಲ್ಲ, ವಾಸನೆ ಅಂತದೆ. ನಾನು ದಿನಾ ಜಗಳ ಮಾಡ್ತೀನಿ."

ಆಮೇಲೆ ಅವನೊಂದು ಪ್ರಶ್ನೆ ಕೇಳಿದ. ಎಣ್ಣೆ ಕೊಟ್ಟರೆ ಹೊಣೆ ಮುಗಿಯಿತೇ? ಅಮ್ಮಂದಿರು ಯಾಕೆ ಹಚ್ಚಿಕೊಳ್ಳುವುದಿಲ್ಲ ಎಂದು ಯಾರಾದರೂ ಬಂದು ಕೇಳಿದ್ದಾರೆಯೇ? ಇಷ್ಟು ಹೇಳಿ, "ಇಲ್ಲಿಗೆ ಮುಗೀತು" ಎಂದು ಇಳಿದುಹೋದ. ಚಪ್ಪಾಳೆ ಕೂಡ ಸ್ವಲ್ಪ ತಡವಾಗಿ ಬಿತ್ತು. ಯಾಕೆಂದರೆ ಸಭೆಯಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಮಧ್ಯಾಹ್ನ ಕೈ ತೊಳೆಯುವಲ್ಲಿ ಅದೇ ಎಣ್ಣೆಯ ಮಾತು ನಡೆಯುತ್ತಿತ್ತು, ನಾನೇ ಕೇಳಿಸಿಕೊಂಡೆ.

ಮೂರು ಹಾಳೆ ಕೂಡಿಸಿದಾಗ 150ಕ್ಕೆ ಮೂರೇ ಅಂಕದ ಅಂತರ. ನಮ್ಮಲ್ಲೂ ಚರ್ಚೆ ಆಯಿತು, ಮುಚ್ಚಿಡುವುದಿಲ್ಲ. "ಅಮ್ಮ ಅಂತದೆ" ಎನ್ನುವುದನ್ನು ವೇದಿಕೆಯ ಭಾಷೆ ಎಂದು ಒಪ್ಪಬಹುದೇ ಎಂದು ಉಪನ್ಯಾಸಕ ಮಿತ್ರರು ಕೇಳಿದರು. ನ್ಯಾಯವಾದ ಪ್ರಶ್ನೆ. ಹಾಲನ್ನು "ಆಲು" ಎಂದರೆ, ಹಾಡನ್ನು "ಆಡು" ಎಂದರೆ ನಾನು ಅಂಕ ಕಳೆಯುತ್ತೇನೆ, ಇವತ್ತೂ ಕಳೆದಿದ್ದೇನೆ. ಹಾಡಿಗೂ ಆಡಿಗೂ ವ್ಯತ್ಯಾಸ ತಿಳಿಸುವುದು ಶಾಲೆಯ ಕೆಲಸ. ಆದರೆ ಅದಕ್ಕೆ ಹತ್ತರಲ್ಲಿ ಒಂದೋ ಎರಡೋ ಕಳೆಯಬಹುದು. ಆ ಒಂದೆರಡು ಅಂಕದ ಸಿಟ್ಟಿನಲ್ಲಿ ವಿಷಯದ ಇಪ್ಪತ್ತನ್ನು ಮುಟ್ಟಬಾರದು. ತಾಯಿಯನ್ನು "ಅಂತದೆ" ಎನ್ನುವ ಮಗು ತಾಯಿಗೆ ಅಗೌರವ ತೋರಿಸುತ್ತಿಲ್ಲ. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಪ್ರೀತಿಯ ಮಾತು ಹಾಗೇ ಇದೆ. ಉಚ್ಚಾರವನ್ನು ಆರು ತಿಂಗಳಲ್ಲಿ ತಿದ್ದಬಹುದು. ಕೇರಿಯ ಮನೆ ಮನೆಗೂ ಹೋಗಿ ಸೂರಿನ ಸಂದಿ ನೋಡಿ ಬರುವ ಕಣ್ಣನ್ನು ನಾನು 28 ವರ್ಷದಲ್ಲಿ ಎಷ್ಟು ಮಕ್ಕಳಿಗೆ ಕೊಡಬಲ್ಲವಳಾದೆ ಎಂದು ಬೆರಳಲ್ಲಿ ಎಣಿಸಬಹುದು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಒಂದು ಕಾರಣ ಇದೆ. ಇವತ್ತು ನಾವು ಹಾಕುವ ಅಂಕ ಮುಂದಿನ ವರ್ಷದ ಪಾಠವಾಗುತ್ತದೆ. ಯಾವ ಬಗೆಯ ಮಾತಿಗೆ ಬಹುಮಾನ ಸಿಕ್ಕಿತೋ ಅದನ್ನೇ ಉಳಿದ ಎಂಟು ಶಾಲೆಗಳೂ ತಯಾರು ಮಾಡುತ್ತವೆ. ಗುಡುಗುವ ಧ್ವನಿಗೆ ಕೊಟ್ಟರೆ ಮುಂದಿನ ವರ್ಷ 17 ಮಕ್ಕಳೂ ಗುಡುಗುತ್ತಾರೆ. ಕ್ಲಸ್ಟರಿನಿಂದ ತಾಲ್ಲೂಕು, ತಾಲ್ಲೂಕಿನಿಂದ ಜಿಲ್ಲೆ ಎಂದು ಮೇಲೆ ಹೋದಷ್ಟೂ ಅದೇ ನಡೆಯುತ್ತದೆ. ತೀರ್ಪುಗಾರರ ಪೆನ್ನಿಗೆ ಅಷ್ಟು ಜವಾಬ್ದಾರಿ ಇದೆ.

ಇನ್ನೊಂದು ಮಗುವಿನ ಮಾತು ಹೇಳಲೇಬೇಕು. ಎಂಟನೇ ತರಗತಿಯ ಪುಟ್ಟ ಹುಡುಗಿ, ಎರಡು ವಾಕ್ಯ ಹೇಳಿ ನಿಂತುಬಿಟ್ಟಳು. ಮತ್ತೆ ಮೊದಲಿನಿಂದ ಶುರು ಮಾಡಿದಳು, ಅದೇ ಜಾಗಕ್ಕೆ ಬಂದು ಮತ್ತೆ ನಿಂತಳು. ಮುಂದಿನ ಸಾಲಿನಿಂದ ಯಾರೋ ಪಿಸುಗುಟ್ಟಿದರು, ಅದೂ ಹತ್ತಲಿಲ್ಲ. ಕಣ್ಣೊರೆಸಿಕೊಂಡು ಇಳಿದುಹೋದಳು. ಅವಳ ಹೆಸರು ಬಹುಮಾನದ ಪಟ್ಟಿಯಲ್ಲಿಲ್ಲ. ಆದರೆ ಆಮೇಲೆ ನಲ್ಲಿಯ ಹತ್ತಿರ ಸಿಕ್ಕಿದಳು. "ಏನಮ್ಮ ಹೇಳಬೇಕು ಅಂತಿದ್ದೆ?" ಎಂದೆ. "ಅದು ಮರ್ತೋಯ್ತು ಮೇಡಂ" ಎಂದಳು. "ಹೋಗಲಿ ಬಿಡು, ನಿಮ್ಮನೇಲಿ ಯಾರಿಗಾದರೂ ಹುಷಾರಿಲ್ಲದೆ ಇತ್ತಾ?" ಎಂದೆ. ಅಷ್ಟೇ ಸಾಕಾಯಿತು. ಅಜ್ಜಿಗೆ ಸಕ್ಕರೆ ಕಾಯಿಲೆ, ಮಾತ್ರೆ ತಿಂಗಳು ಪೂರ್ತಿ ಬರಲಿ ಎಂದು ದಿನ ಬಿಟ್ಟು ದಿನ ನುಂಗುತ್ತಾಳೆ, ಇದು ಅಪ್ಪನಿಗೆ ಗೊತ್ತಿಲ್ಲ, ನನಗೆ ಮಾತ್ರ ಗೊತ್ತು ಎಂದು ಎಲ್ಲೂ ತಡವರಿಸದೆ ಹೇಳಿದಳು. ಅವಳು ವೇದಿಕೆಯ ಮೇಲೆ ಮರೆತದ್ದು ಇನ್ನೊಬ್ಬರು ಬರೆದುಕೊಟ್ಟ ಮಾತು. ಇದನ್ನು ಅವಳು ಮರೆಯುವ ಹಾಗೇ ಇರಲಿಲ್ಲ. ಅವಳ ಅಪ್ಪನಿಗೆ ತಿಳಿಸುವ ಕೆಲಸವನ್ನು ಅವಳ ಒಪ್ಪಿಗೆ ಕೇಳಿಯೇ ಅವಳ ತರಗತಿ ಶಿಕ್ಷಕಿಗೆ ವಹಿಸಿದ್ದೇನೆ. ಅವಳ ಒಪ್ಪಿಗೆಯಿಂದಲೇ, ಹೆಸರು ಹೇಳದೆ, ಇಲ್ಲೂ ಹೇಳುತ್ತಿದ್ದೇನೆ.

ವೇದಿಕೆಯ ಮೇಲೆ ಮಾತು ನಿಂತುಹೋದ ಮಕ್ಕಳಿಗೆಲ್ಲ ಒಂದು ಸಂಗತಿ ಹೇಳುತ್ತೇನೆ. ಗಾಂಧೀಜಿ ಬ್ಯಾರಿಸ್ಟರ್ ಆಗಿ ಇಂಗ್ಲೆಂಡಿನಿಂದ ಬಂದ ಹೊಸತರಲ್ಲಿ ಮುಂಬಯಿಯ ಒಂದು ಸಣ್ಣ ಕೋರ್ಟಿನಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತರು. ಸಾಕ್ಷಿಯನ್ನು ಕೇಳಲು ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕುಳಿತುಬಿಟ್ಟರು. ಬೇರೆ ವಕೀಲರನ್ನು ನೋಡಿಕೊಳ್ಳಿ, ನನ್ನ ಫೀಸು ವಾಪಸು ತೆಗೆದುಕೊಳ್ಳಿ ಎಂದು ಹೊರಟುಹೋದರು. ಇದನ್ನು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ತಮ್ಮ ಸಂಕೋಚವೇ ಮಾತನ್ನು ಹಿಡಿತದಲ್ಲಿ ಬಳಸುವುದನ್ನು ಕಲಿಸಿತು ಎಂದೂ ಹೇಳಿಕೊಂಡಿದ್ದಾರೆ. 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾದವರು ಅವರೇ. ಕೊನೆಯವರೆಗೂ ಅವರದು ಗುಡುಗುವ ಧ್ವನಿಯಾಗಿರಲಿಲ್ಲ. ಹೇಳಬೇಕಾದ್ದು ಅವರಲ್ಲಿತ್ತು, ದೇಶ ಕಿವಿಗೊಟ್ಟು ಕೇಳಿತು.

ಸ್ನೇಹಿತರೆ, ಭಾಷಣ ಸ್ಪರ್ಧೆ ಯಾತಕ್ಕೆ ಬೇಕು? ಎಲ್ಲ ಮಕ್ಕಳೂ ರಾಜಕಾರಣಿಗಳಾಗುವುದಿಲ್ಲ, ವಕೀಲರಾಗುವುದಿಲ್ಲ. ಆದರೆ ಎಲ್ಲರೂ ಒಂದಲ್ಲ ಒಂದು ದಿನ ಗ್ರಾಮಸಭೆಯಲ್ಲಿ ಕೂರುತ್ತಾರೆ, ಆಸ್ಪತ್ರೆಯ ಕಿಟಕಿಯ ಮುಂದೆ, ಬ್ಯಾಂಕಿನ ಮೇಜಿನ ಮುಂದೆ ನಿಲ್ಲುತ್ತಾರೆ. ಅಲ್ಲಿ ಎದ್ದು ನಿಂತು, ನಡುಗದೆ, ತನಗೇನು ಬೇಕು, ಯಾಕೆ ಬೇಕು ಎಂದು ಹೇಳಲು ಬರಬೇಕು. ನಮ್ಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ, ನಿಮಗೆಲ್ಲ ಗೊತ್ತು. ನಾನು ಒಮ್ಮೆ ಅಂಥ ಸಭೆಯಲ್ಲಿ ಕೂತಿದ್ದೆ. ಬಹುಮಾನಗಳ ಮೇಲೆ ಬಹುಮಾನ ಗೆದ್ದ ಮಕ್ಕಳು ಅಲ್ಲಿಯೂ ಸ್ವಾಗತ ಭಾಷಣ, ವಂದನಾರ್ಪಣೆ ಚೆನ್ನಾಗಿ ಮಾಡಿದರು. ಪ್ರಶ್ನೆ ಕೇಳುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು: "ಸಾರ್, ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ. ಒಬ್ಬಳು ಹೊರಗೆ ಕಾಯಬೇಕು. ಯಾವಾಗ ಹಾಕಿಸ್ತೀರಿ?" ಅಷ್ಟೇ. ಅಧಿಕಾರಿಗಳು ದಿನಾಂಕ ಹೇಳಬೇಕಾಯಿತು, ಹೇಳಿದರು. ಸ್ಪರ್ಧೆಯಲ್ಲಿ ನಾವು ಮಕ್ಕಳಿಗೆ ಕೊಡಬೇಕಾದ ಅಭ್ಯಾಸ ಆ ಹುಡುಗಿಯ ಮಾತಿನಂಥದ್ದು.

ಹಾಗಾಗಿ ಐವತ್ತು ತುಂಬಿದ ಈ ಶಾಲೆಯ ಮುಂದೆ ಮೂರು ಬೇಡಿಕೆ ಇಡುತ್ತೇನೆ. ಒಂದು, ಮುಂದಿನ ವರ್ಷದಿಂದ ಸ್ಪರ್ಧೆಯಲ್ಲಿ ಮೂರು ನಿಮಿಷ ಮಗುವಿನ ಭಾಷಣಕ್ಕೆ, ಎರಡು ನಿಮಿಷ ತೀರ್ಪುಗಾರರ ಒಂದು ಪ್ರಶ್ನೆಗೆ ಇರಲಿ. ಮೆತ್ತನೆಯ ಪ್ರಶ್ನೆ ಸಾಕು: ಇದನ್ನು ನೀನು ಎಲ್ಲಿ ನೋಡಿದೆ? ಎರಡು, ಅಂಕಪಟ್ಟಿಯಲ್ಲಿ "ಮಗು ತಾನೇ ಕಂಡದ್ದು, ಕೇಳಿ ತಿಳಿದದ್ದು" ಎಂದು ಹತ್ತು ಅಂಕದ ಒಂದು ಕಾಲಂ ಸೇರಲಿ. ಮೂರು, ವಾರಕ್ಕೊಮ್ಮೆ ಪ್ರಾರ್ಥನೆಯ ಹೊತ್ತಿನಲ್ಲಿ ಒಂದು ಮಗು, ಎರಡು ನಿಮಿಷ, ಚೀಟಿ ಇಲ್ಲದೆ, ಆ ವಾರ ತಾನು ಕಂಡ ಒಂದು ಸಂಗತಿ ಹೇಳಲಿ. ಜಾಣ ಮಕ್ಕಳೇ ಆಗಬೇಕೆಂದಿಲ್ಲ, ಹಾಜರಿ ಪುಸ್ತಕದ ಕ್ರಮದಲ್ಲಿ ಬರಲಿ. ಇದಕ್ಕೆ ಯಾವ ಅನುದಾನವೂ ಬೇಡ.

ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ನೀವು ಬೆಂಗಳೂರು, ಮುಂಬಯಿಗಳಿಂದ ಬಂದು ಶಾಲೆಗೆ ಬೀರು ಕೊಟ್ಟಿದ್ದೀರಿ, ಧ್ವನಿವರ್ಧಕ ಕೊಟ್ಟಿದ್ದೀರಿ, ಫಲಕ ಕೊಟ್ಟಿದ್ದೀರಿ. ದೊಡ್ಡ ಮನಸ್ಸು. ಮುಂದಿನ ಸಲ ಊರಿಗೆ ಬಂದಾಗ ಒಂದು ಗಂಟೆ ಹೊತ್ತು ಎಂಟನೇ ತರಗತಿಯಲ್ಲಿ ಹೋಗಿ ಕೂರಿ. ನೀವು ಭಾಷಣ ಮಾಡಬೇಡಿ. ಮಕ್ಕಳಿಗೆ ಮಾತಾಡಲು ಹೇಳಿ ನೀವು ಕೇಳಿ. ತಂದೆತಾಯಿಯರಿಗೂ ಅದೇ. ರಾತ್ರಿ ಊಟಕ್ಕೆ ಕೂತಾಗ ಮಗು ಏನಾದರೂ ಹೇಳಲು ಬಂದರೆ "ಸುಮ್ನೆ ಉಣ್ಣು" ಎಂದು ಬಾಯಿ ಮುಚ್ಚಿಸಬೇಡಿ. ಭಾಷಣದ ಮೊದಲ ವೇದಿಕೆ ಅಡುಗೆಮನೆಯೇ.

ಎರಡನೇ ಬಹುಮಾನ ಪಡೆದ ನಮ್ಮ ಹುಡುಗಿಗೆ ಇನ್ನೊಂದು ಮಾತು. ನಿನಗೆ ಬೇಸರವಾಗಿದೆ, ಗೊತ್ತು. ನಮ್ಮ ಮನೆ ನಿಮ್ಮ ಶಾಲೆಯ ಹಿಂದಿನ ಓಣಿಯಲ್ಲೇ ಇದೆ. ಪರೀಕ್ಷೆ ಮುಗಿದ ಮೇಲೆ ಬಾ. ಭಾಷಣ ಬರೆದುಕೊಡುವುದಿಲ್ಲ. ಇಬ್ಬರೂ ಸೇರಿ ಆ ಎಣ್ಣೆಯ ವಿಷಯವಾಗಿ ನಮ್ಮೂರಿನ ನಾಲ್ಕು ಮನೆಗೆ ಹೋಗಿ ಕೇಳಿ ಬರೋಣ. ಆಮೇಲೆ ಗ್ರಾಮಸಭೆಯಲ್ಲಿ ನೀನು ಎದ್ದು ನಿಂತರೆ ಮೈಕು ಇಲ್ಲದಿದ್ದರೂ ನಡೆಯುತ್ತದೆ.

ಮುಖ್ಯೋಪಾಧ್ಯಾಯರು ಗಂಟೆಯ ಕಡೆ ಕೈ ಹಾಕುವ ಮೊದಲೇ ನಿಲ್ಲಿಸುತ್ತೇನೆ. ಸಮಯಪಾಲನೆಯ ಹತ್ತಂಕ ನನಗೆ ಯಾರೂ ಕೊಡಲಾರರು. ಈಗ ಫಲಿತಾಂಶದ ಪಟ್ಟಿಯನ್ನು ಅವರ ಕೈಗೆ ಕೊಡುತ್ತಿದ್ದೇನೆ. ಹದಿನೇಳು ಮಕ್ಕಳ ಹೆಸರನ್ನೂ ಓದಬೇಕೆಂದು ವಿನಂತಿ.